ಹಾಲು ಉಕ್ಕುವಾಗ ನಾನು ಹಿತ್ತಲಲ್ಲಿದ್ದೆ

ಐವತ್ತರ ಹತ್ತಿರ ಬಂದ ಗಂಡಸರು ಓಡಲು ಶುರುಮಾಡುತ್ತಾರೆ, ಇಲ್ಲವೇ ಷೇರಿನ ಬಗ್ಗೆ ಮಾತಾಡುತ್ತಾರೆ. ನಾನು ಕ್ಯಾಮೆರಾ ಕೊಳ್ಳಲು ಹೊರಟೆ. ಹೊರಟೆ ಎಂದರೆ, ಚಳಿಗಾಲವಿಡೀ ಲಂಡನ್ನಿನ ಹ್ಯಾರೋದ ನಮ್ಮ ಮನೆಯ ಸೋಫಾದಲ್ಲಿ ಕೂತು ವಿಮರ್ಶೆ ಓದಿದೆ. ಒಂದು ಕ್ಯಾಮೆರಾ ಮನಸ್ಸಿಗೆ ಬಂತು ಅನ್ನುವಷ್ಟರಲ್ಲಿ ಯಾರೋ ಒಬ್ಬ ಅದು ಮಳೆಗೆ ತಡೆಯುವುದಿಲ್ಲ ಎಂದು ಬರೆದಿರುತ್ತಿದ್ದ. ನಾನು ಮಳೆಯಲ್ಲಿ ಹೊರಗೆ ಹೋಗುವವನೇ ಅಲ್ಲ. ಆದರೂ ಚಿಂತೆ ಹತ್ತಿಕೊಳ್ಳುತ್ತಿತ್ತು.

“ನಾನು ಸೀರೆ ಅಂಗಡೀಲಿ ಸ್ವಲ್ಪ ಜಾಸ್ತಿ ಕೂತ್ರೆ ಬಾಗಿಲಲ್ಲಿ ನಿಂತು ಕೆಮ್ತೀರಲ್ಲ, ಇದೇನ್ರೀ ಇದು?” ಎಂದಳು ಹೆಂಡತಿ.

ಕೊನೆಗೆ ಕೊಂಡೆ. ಕ್ಯಾಮೆರಾದ ಜೊತೆಗೇ ಬರುವ ಸಾಧಾರಣ ಲೆನ್ಸ್ ಬೇಡವೆಂದೆ. ಅದು ದಡ್ಡರಿಗೆ ಎಂದು ಇಂಟರ್‌ನೆಟ್ಟಿನ ಪಂಡಿತರು ತೀರ್ಪು ಕೊಟ್ಟಿದ್ದರು. ಬದಲಿಗೆ ಮುಖದ ಚಿತ್ರಗಳಿಗೆಂದೇ ಇರುವ ಲೆನ್ಸ್ ತಂದೆ. ಮುಖ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗುತ್ತದೆ. ಜೂಮ್ ಇಲ್ಲ. ಮುಖ ದೊಡ್ಡದಾಗಬೇಕಾದರೆ ಮುಂದೆ ನಡೆಯಬೇಕು, ನಾಲ್ಕು ಜನ ಹಿಡಿಸಬೇಕಾದರೆ ಹಿಂದೆ ನಡೆಯಬೇಕು. ನಡಿಗೆ ಒಳ್ಳೆಯದೆಂದು ನಮ್ಮ ಡಾಕ್ಟರೂ ಹೇಳಿದ್ದರು. ಶನಿವಾರದ ಫೋಟೋಗ್ರಫಿ ತರಗತಿಗೂ ಸೇರಿಕೊಂಡೆ. ಜನ ನಿಮ್ಮನ್ನು ಮರೆಯುವವರೆಗೆ ಕಾಯಿರಿ, ಆಮೇಲೆ ಒತ್ತಿ ಎಂದು ಮೇಷ್ಟ್ರು ಹೇಳಿಕೊಟ್ಟರು.

ಅಷ್ಟರಲ್ಲಿ ನನ್ನ ಹಳೆಯ ಗೆಳೆಯ ಪಕ್ಕದ ಪಿನ್ನರ್‌ನಲ್ಲಿ ಮನೆ ಕೊಂಡ.

“ಗೃಹಪ್ರವೇಶಕ್ಕೆ ನೀನೇ ಫೋಟೋಗ್ರಾಫರ್ ಕಣೋ.”

“ನಾನಿನ್ನೂ ಕಲೀತಿದ್ದೀನೋ.”

“ಅಷ್ಟು ದಪ್ಪ ಲೆನ್ಸ್ ತಗೊಂಡಿದ್ಯಲ್ಲ, ಅದೇ ನೋಡ್ಕೊಳ್ಳತ್ತೆ ಬಿಡು.”

ಅವನ ಹೆಂಡತಿ ಬೇರೆಯಾಗಿ ಫೋನ್ ಮಾಡಿದಳು. “ಅಣ್ಣಾ, ಬೇರೆ ಯಾವ್ದು ಬರ್ದಿದ್ರೂ ಪರವಾಗಿಲ್ಲ, ಹಾಲು ಉಕ್ಕೋದು ಒಂದು ಬರ್ಲಿ. ಬಾಡಿಗೆ ಫ್ಲಾಟು ಬದಲಾಯ್ಸಿ ಬದಲಾಯ್ಸಿ ಸಾಕಾಗಿದೆ. ಸ್ವಂತ ಒಲೆ ಮೇಲೆ ಉಕ್ಕೋದನ್ನ ದೊಡ್ಡದಾಗಿ ಗೋಡೆಗೆ ಹಾಕಿಸ್ಬೇಕು ನಂಗೆ.”

ನಾನು ಚಿಂತೆ ಮಾಡಲು ಬಾಕಿ ಏನೂ ಬಿಡಲಿಲ್ಲ. ಬ್ಯಾಟರಿ ಸತ್ತರೆ? ಹೊಗೆಗೆ ಅಲಾರಂ ಕೂಗಿದರೆ? ಅಡುಗೆಮನೆ ಎಷ್ಟು ದೊಡ್ಡದಿದೆ ಎಂದು ಮಾತ್ರ ಕೇಳಲಿಲ್ಲ.

ಗೃಹಪ್ರವೇಶದ ದಿನ ಹೋಗಿ ನೋಡಿದರೆ ಅಡುಗೆಮನೆ ರೈಲು ಬೋಗಿಯ ಹಾಗಿತ್ತು. ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಗೆಳೆಯನ ಹೆಂಡತಿಯ ಕಿವಿಯೋಲೆ ಮಾತ್ರ ಕಂಡಿತು. ಹಿಂದೆ ಸರಿದೆ, ಮುಖ ಬಂತು, ಪಾತ್ರೆ ಇಲ್ಲ. ಮತ್ತೆ ಸರಿದೆ, ಪಾತ್ರೆ ಬಂತು, ಗೆಳೆಯ ಇಲ್ಲ. ಹೀಗೆ ಸರಿಯುತ್ತ ಸರಿಯುತ್ತ ಗಾಜಿನ ಬಾಗಿಲು ದಾಟಿ ಹಿತ್ತಲ ಹುಲ್ಲಿನ ಮೇಲೆ ನಿಂತೆ. ಅಲ್ಲಿಂದ ಎಲ್ಲ ಸರಿಯಾಗಿ ಕಂಡಿತು.

“ಅಯ್ಯೋ, ದೀಪ ಆರತ್ತೆ, ಬಾಗ್ಲು ಹಾಕ್ರಪ್ಪ!” ಎಂದು ಒಳಗೆ ಯಾರೋ ಕೂಗಿದರು. ಇನ್ಯಾರೋ ಹಾಕಿದರು. ಹಾಲು ಏಳುತ್ತಿದೆ ಎಂದು ಎಲ್ಲರೂ ಒಲೆಯ ಸುತ್ತ ಮುಗಿಬಿದ್ದರು. ನನಗೆ ಬಂದದ್ದು ಬೆನ್ನುಗಳು, ಆವಿ ಹಿಡಿದ ಗಾಜು ಮತ್ತು ಆ ಗಾಜಿನಲ್ಲಿ ಕ್ಯಾಮೆರಾ ಹಿಡಿದ ಒಬ್ಬ ಬೋಳುತಲೆಯವನು.

“ಬಂತಾ ಅಣ್ಣಾ?” ಆಕೆ ಬಾಗಿಲು ತೆರೆದು ಕೇಳಿದಳು.

“ಇಲ್ಲಮ್ಮಾ.”

“ಫ್ರಿಜ್ಜಲ್ಲಿ ಇನ್ನೊಂದು ಬಾಟ್ಲಿ ಹಾಲಿದೆಯಲ್ಲ, ಮತ್ತೆ ಉಕ್ಸು” ಎಂದು ಗೆಳೆಯ ನಕ್ಕ.

“ದೇವರ ಮುಂದೆ ನಾಟಕ ಆಡಲ್ಲ ನಾನು” ಎಂದಳು ಆಕೆ.

ಜನ ಊಟಕ್ಕೆಂದು ಹಾಲ್‌ಗೆ ಹೋದರು. ನಾನು ಒಳಗೆ ಹೋಗುವ ಧೈರ್ಯ ಸಾಲದೆ ತೆರೆದ ಬಾಗಿಲ ಹತ್ತಿರ ಹುಲ್ಲಿನ ಮೇಲೇ ಉಳಿದೆ. ಆಕೆ ಒಬ್ಬಳೇ, ರೇಷ್ಮೆ ಸೆರಗು ಸಿಕ್ಕಿಸಿಕೊಂಡು, ಒಲೆಯ ಮೇಲೆ ಸೀದು ಹಿಡಿದ ಹಾಲನ್ನು ಒರೆಸುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಕೈ ತನ್ನಷ್ಟಕ್ಕೆ ಒತ್ತಿತು. ಲೆನ್ಸ್ ತನ್ನ ಕೆಲಸ ಮಾಡಿತ್ತು: ಒಂದೊಂದು ರೆಪ್ಪೆಯೂ ಸ್ಪಷ್ಟ, ಹೊಸ ಮನೆಯೆಲ್ಲ ಬೆಣ್ಣೆ.

ನಾನು ತೆಗೆದ ಒಂದೇ ಒಂದು ಒಳ್ಳೆಯ ಚಿತ್ರ ಅದು. ಹೆಮ್ಮೆ ತಡೆಯಲಾರದೆ ಉಳಿದವುಗಳ ಜೊತೆ ಕಳಿಸಿದೆ. “ಅದೊಂದನ್ನು ಅಳಿಸಿಬಿಡಿ” ಎಂದು ಆಕೆಯ ಉತ್ತರ ಬಂತು. ಈ ಸಲ ‘ಅಣ್ಣಾ’ ಎಂಬ ಮಾತು ಇರಲಿಲ್ಲ. ಅಳಿಸಿದೆ.

ಮೊನ್ನೆ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. “ಫೋಟೊಗೆ ಬೇರೆಯವ್ರಿಗೆ ಹೇಳಿದ್ದೀವಿ ಕಣೋ. ನೀನು ಆರಾಮಾಗಿ ಬಾ” ಎಂದ ಗೆಳೆಯ.

ಆರಾಮಾಗಿ ಹೋದೆ. ಕ್ಯಾಮೆರಾ ಇಲ್ಲದ ಬರಿಗೈಯಲ್ಲಿ ಯಾರ ಬಳಿಗೂ ಹೋಗಿ ನಿಲ್ಲಲು ನೆಪ ಸಿಗಲಿಲ್ಲ. ಆಕೆ ತಟ್ಟೆಗೆ ಕೋಸಂಬರಿ ಬಡಿಸಿ, ಮುಖ ನೋಡದೆ “ಸಾಕಾ?” ಎಂದಳು.

ಸಾಕೆಂದೆ.