ದಾಹ ಇಲ್ಲ ರೈಟ್ರೇ

ಪಾಲಿಬೆಟ್ಟದ ಹತ್ತಿರ ಒಂದು ಎಸ್ಟೇಟಿನಲ್ಲಿ ನಾನು ಕೆಲಸದವರ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ಕಾಫಿ ಪಿಕಿಂಗಿಗೆ ಬರುವವರಲ್ಲಿ ಎಲ್ಲರಿಗಿಂತ ಮೊದಲು ಚೀಲ ತುಂಬಿಸುತ್ತಿದ್ದವಳು ಅವಳು. ಗಂಡನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಕೊಂಬೆ ಮುರಿಯದಂತೆ ಮೆಲ್ಲಗೆ ಬಗ್ಗಿಸಿ ಹಣ್ಣು ಕುಯ್ಯುತ್ತಿದ್ದಳು. ನೀರಿನ ಕ್ಯಾನ್ ಬಂದಾಗ ಉಳಿದವರು ಕೆಲಸ ಬಿಟ್ಟು ಬರುತ್ತಿದ್ದರು. ಅವಳು ಮಾತ್ರ ತಲೆಯೆತ್ತದೆ, "ದಾಹ ಇಲ್ಲ ರೈಟ್ರೇ" ಅನ್ನುತ್ತಿದ್ದಳು.

"ಇವಳನ್ನ ನೋಡಿ ಕಲೀರಿ, ನೀರಿಗೂ ನಿಲ್ಲಲ್ಲ" ಎಂದು ನಾನು ಉಳಿದ ಹೆಂಗಸರಿಗೆ ಹೇಳುತ್ತಿದ್ದೆ. ಅವರು ಮುಖ ಮುಖ ನೋಡಿಕೊಂಡು ಮತ್ತೆ ಗಿಡಗಳ ಕಡೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಹೊಟ್ಟೆ ಹಿಡಿದುಕೊಂಡು ಗಿಡದ ಬುಡದಲ್ಲೇ ಕುಸಿದಳು. ಜೀಪಿನಲ್ಲಿ ಅಮ್ಮತ್ತಿಯ ಆಸ್ಪತ್ರೆಗೆ ಕರೆದೊಯ್ದೆ. ಮೂತ್ರದಲ್ಲಿ ಸೋಂಕಾಗಿದೆ ಎಂದ ಡಾಕ್ಟರಮ್ಮ, "ನೀರು ಯಾಕಮ್ಮ ಕುಡಿಯಲ್ಲ?" ಎಂದು ಕೇಳಿದರು.

ಅವಳು ನನ್ನ ಕಡೆ ನೋಡದೆ ಹೇಳಿದಳು: "ಕುಡಿದ್ರೆ ಹೋಗ್ಬೇಕಲ್ಲ ಡಾಕ್ಟ್ರಮ್ಮಾ. ತೋಟದಲ್ಲೆಲ್ಲ ಗಂಡಸರಿರ್ತಾರೆ. ಆಫೀಸಿನ ಬಾತ್ರೂಮಿಗೆ ಬೀಗ."

ಕೆಲಸದವರು ಗಲೀಜು ಮಾಡುತ್ತಾರೆಂದು ಆ ಬೀಗ ಹಾಕಿಸಿದವನು ನಾನೇ. ಬೀಗದಕೈ ಆಗಲೂ ನನ್ನ ಜೇಬಿನಲ್ಲೇ ಇತ್ತು.

ಡಾಕ್ಟರಮ್ಮ ಒಂದು ಲೋಟ ನೀರು ಕೊಟ್ಟರು. ಕುಡಿಯುವ ಮೊದಲು ಅವಳು ನನ್ನ ಮುಖ ನೋಡಿದಳು.