ಆಫ್ರಿಕಾದ ಮುದುಕಿಯ ಬಾಯಲ್ಲಿ ನನ್ನ ಮಾತು

ನಾನು ಹುಟ್ಟಾ ಪುಕ್ಕಲಿ. ಆಳಂದದ ಕಾಲೇಜಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಲೂ ತರಗತಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಸೆರಗು ಸರಿ ಮಾಡಿಕೊಳ್ಳುತ್ತೇನೆ. ಸೆರಗು ಸರಿಯಾಗಿಯೇ ಇರುತ್ತದೆ. ಇಂಥವಳು ಊರೂರು ತಿರುಗಿ, ಪರದೆಯ ಪಕ್ಕ ಮೈಕು ಹಿಡಿದು ನಿಂತು, ಆಫ್ರಿಕಾದ ಸಿನಿಮಾಕ್ಕೆ ನಮ್ಮ ಕಡೆಯ ಮಾತು ಹೇಳುವ ಉಸಾಬರಿಗೆ ಬಿದ್ದದ್ದು ಒಂದು ಹಳೇ ಪುಸ್ತಕದಿಂದ.

ಕಲಬುರಗಿಯ ಫುಟ್‌ಪಾತಿನಲ್ಲಿ ಸಿಕ್ಕ ಪುಸ್ತಕ, ರಟ್ಟು ಹರಿದಿತ್ತು. ಬರೆದವಳು ಆಫ್ರಿಕಾದ ಒಬ್ಬ ಹೆಂಗಸು, ಸಿನಿಮಾ ಮಾಡುವಾಕೆ. ತನ್ನದೇ ಬದುಕಿನ ಕಥೆ. ಸಂತೆಯಲ್ಲಿ ತಾಯಿಯ ಜೊತೆ ಉಪ್ಪು ಮಾರಿದವಳು, ಹದಿನಾಲ್ಕನೇ ವಯಸ್ಸಿಗೆ ಅಕ್ಷರ ಕಲಿತವಳು. ಮೊದಲ ಕಾದಂಬರಿಯನ್ನು ಪರದೇಶದ ಭಾಷೆಯಲ್ಲಿ ಬರೆದು, ತಂದು ತಾಯಿಯ ತೊಡೆಯ ಮೇಲಿಟ್ಟಳಂತೆ. ತಾಯಿ ಅದನ್ನು ಮೂಸಿ ನೋಡಿ, ಹೊಸ ಬಟ್ಟೆಯ ವಾಸನೆ ಬರುತ್ತದೆ ಅಂದಳಂತೆ. ಮಗಳಿಗೆ ಅವತ್ತು ಆದ ನಾಚಿಕೆಯೇ ಅವಳನ್ನು ಕ್ಯಾಮೆರಾ ಹಿಡಿಯುವಂತೆ ಮಾಡಿತು. ಆಮೇಲೆ ಅವಳು ತಾಯಿಯ ಭಾಷೆಯಲ್ಲೇ ಸಿನಿಮಾ ಮಾಡಿದಳು, ಲಾರಿಯಲ್ಲಿ ಪರದೆ ಹೇರಿಕೊಂಡು ಹಳ್ಳಿಗಳಲ್ಲಿ ತೋರಿಸಿದಳು. ಓದುತ್ತ ನಾನು ಅತ್ತೆ. ನಮ್ಮವ್ವನೂ ಓದು ಬಾರದವಳು, ನಾನೂ ಅವಳ ಮುಂದೆ ಪುಸ್ತಕ ಇಟ್ಟು ಮೆರೆದವಳೇ.

ಧೈರ್ಯ ಮಾಡಿ ಆಕೆಗೆ ಇಮೇಲ್ ಬರೆದೆ. ನಮ್ಮ ತಾಲೂಕುಗಳ ಹೆಣ್ಣುಮಕ್ಕಳಿಗೆ ನಿಮ್ಮ ಸಿನಿಮಾ ತೋರಿಸಲೇ ಎಂದು. ತಿಂಗಳ ಮೇಲೆ ಉತ್ತರ ಬಂತು. ತೋರಿಸು, ಆದರೆ ಪರದೆಯ ಕೆಳಗೆ ಅನುವಾದದ ಅಕ್ಷರ ಹಾಕಬೇಡ, ಪಕ್ಕದಲ್ಲಿ ನಿಂತು ಅವರ ಮಾತಿನಲ್ಲೇ ಹೇಳು ಎಂದಿದ್ದಳು. ಇನ್ನೊಂದು ಷರತ್ತೂ ಇತ್ತು. ಕೊನೆಯಲ್ಲಿ ಒಬ್ಬ ಮುದುಕಿ ಮೂರು ನಿಮಿಷ ಸುಮ್ಮನೆ ನಿಲ್ಲುತ್ತಾಳೆ, ಅಲ್ಲಿ ಒಂದು ಮಾತೂ ಸೇರಿಸಕೂಡದು. ಅದು ತನ್ನ ತಾಯಿಯ ಮೌನ, ಅದನ್ನು ಮುಟ್ಟುವ ಹಕ್ಕು ತನಗೂ ಇರಲಿಲ್ಲ ಎಂದು ಬರೆದಿದ್ದಳು.

ಸಿನಿಮಾದ ಕಥೆ ಸಣ್ಣದು. ಊರ ಮುಖ್ಯಸ್ಥನ ಕಣಜದಿಂದ ಬಿತ್ತನೆಯ ಬೀಜ ಕಳುವಾಗುತ್ತದೆ. ಮುದುಕಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಾರೆ. ಆಕೆ ಬಾಯಿ ಬಿಡುವುದಿಲ್ಲ. ನಿಲ್ಲುತ್ತಾಳೆ, ಆಮೇಲೆ ತಿರುಗಿ ಹೋಗುತ್ತಾಳೆ. ಅಷ್ಟೇ.

ಕೇಳಲು ಸುಲಭ. ಮೈಕು ಹಿಡಿದು ನಿಂತವಳಿಗೆ ಮಾತ್ರ ಆ ಮೂರು ನಿಮಿಷ ಮುಗಿಯುವುದಿಲ್ಲ. ಆಳಂದದ ಮೊದಲ ಪ್ರದರ್ಶನದಲ್ಲಿ ಹಿಂದಿನಿಂದ ಒಬ್ಬ, “ಆವಾಜ್ ಹೋಗ್ಯಾದ ನೋಡ್ರಿ!” ಎಂದು ಕೂಗಿದ. ನಾಕು ಮಂದಿ ಶಿಳ್ಳೆ ಹೊಡೆದರು. ತುಟಿ ಕಚ್ಚಿಕೊಂಡು ಹೇಗೋ ಪಾರಾದೆ.

ಎರಡನೆಯದು ನಮ್ಮೂರಿನಲ್ಲಿ, ಅಫಜಲಪುರ ತಾಲೂಕಿನ ಅತನೂರಿನಾಚೆ. ಅಲ್ಲಿಯ ಮಹಿಳಾ ಸಂಘದ ಅಧ್ಯಕ್ಷೆ ಗೌಡರ ಮನೆಯ ಸೊಸೆ. ಒಳ್ಳೆಯವಳು, ತಾನಾಗಿಯೇ ಫೋನು ಮಾಡಿ ಕರೆದಳು. ನನಗೆ ಅವತ್ತಿನಿಂದ ಊಟ ಸೇರಲಿಲ್ಲ. ಆ ಮನೆಯ ಅಂಗಳದ ಒಂದು ಬೇಸಿಗೆ ನನ್ನೊಳಗೆ ಕೂತುಬಿಟ್ಟಿದೆ.

ನನಗಾಗ ಏಳು ವರ್ಷ. ಅವ್ವ ಗೌಡರ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಮ್ಮ ಓಣಿಯವರಿಗೆ ಮೇಲಿನಿಂದ ನೀರು ಹುಯ್ಯುತ್ತಿದ್ದರು, ಬೊಗಸೆಯೊಡ್ಡಿ ಕುಡಿಯಬೇಕು. ಬಾಯಾರಿ ನಾನು ಅವರ ಹಿತ್ತಾಳೆ ಕೊಡಕ್ಕೆ ಕೈ ಹಾಕಿ ಕುಡಿದೆ. ಯಾರು ಮುಟ್ಟಿದ್ದು ಎಂದು ಗೌಡ್ತಿ ಕೂಗಿದಳು. ಅವ್ವ ಎದ್ದು ನಿಂತು, “ನಾನಽ ಮುಟ್ಟೇನ್ರಿ, ನನ್ನ ಮಗಳಲ್ರಿ,” ಅಂದಳು. ಅವಳನ್ನು ಹೊತ್ತು ಮುಳುಗುವ ತನಕ ಬಿಸಿಲಿನಲ್ಲಿ ನಿಲ್ಲಿಸಿದರು. ಈ ಕಥೆಯನ್ನು ನಾನು ಒಳಗೊಳಗೇ ಹೆಮ್ಮೆಯಿಂದ ಇಟ್ಟುಕೊಂಡಿದ್ದೆ. ಹೊರಗೆ ಆಡಲು ಅವ್ವನ ಅಪ್ಪಣೆ ಇರಲಿಲ್ಲ. ಅವಳು ಇನ್ನೂ ಅದೇ ಊರಿನಲ್ಲಿದ್ದಾಳೆ, ದಿನಾ ಆ ಮನೆಯ ಮುಂದೆಯೇ ಹಾದುಹೋಗುತ್ತಾಳೆ.

“ನೀ ಪಿಚ್ಚರ್ ಅಷ್ಟ ತೋರ್ಸು. ಬ್ಯಾರೆ ಏನೂ ತಗೀಬ್ಯಾಡ,” ಎಂದು ಅವ್ವ ಎರಡು ಸಲ ಹೇಳಿದ್ದಳು.

ಮಧ್ಯಾಹ್ನ, ಕಳೆ ತೆಗೆದು ಬಂದ ಹೆಂಗಸರು ಸಂಘದ ಕೋಣೆಯಲ್ಲಿ ತುಂಬಿದ್ದರು. ಬೆಳಕು ಬಾರದಂತೆ ಕಿಟಕಿಗಳಿಗೆ ಕೌದಿ ಕಟ್ಟಿದ್ದೆವು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಣ್ಣಾದ ಗೌಡ್ತಿ. ಅವಳ ಪಕ್ಕದಲ್ಲಿ, ಚಾಪೆಯ ಮೇಲೆ, ನಮ್ಮವ್ವ. ನನ್ನ ಬೆನ್ನು ಬೆವೆತು ಕುಪ್ಪಸ ಅಂಟಿಕೊಂಡಿತು. ನನ್ನ ಕೆಲಸ ಹೇಗೆಂದರೆ, ಪಾತ್ರಗಳ ತುಟಿಯನ್ನೇ ನೋಡುತ್ತಿರಬೇಕು. ತುಟಿ ಅಲ್ಲಾಡಿತೋ, ನಾನು ಮಾತಾಡಬೇಕು. ಬೇರೇನೂ ಕಾಣುವುದಿಲ್ಲ.

ಮುದುಕಿ ಬಂದು ನಿಂತಳು. ತುಟಿ ಅಲ್ಲಾಡಲಿಲ್ಲ. ಗೌಡ್ತಿ ಕುರ್ಚಿಯಲ್ಲಿ ಮಿಸುಕಾಡಿ, “ಯಾಕ, ಏನಾತು?” ಎಂದಳು. ಅದೇ ದನಿ. ನಾನು ಏಳು ವರ್ಷದವಳಾಗಿಬಿಟ್ಟೆ. ಮೈಕಿನಲ್ಲಿ ನನ್ನ ಮಾತು ನನಗೇ ಕೇಳಿಸಿತು: “ನಾನಽ ಮುಟ್ಟೇನ್ರಿ, ನನ್ನ ಮಗಳಲ್ರಿ!”

ಬೀಜ ಕದ್ದ ಕಥೆಯಲ್ಲಿ ಮುಟ್ಟುವುದೆಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಗೌಡ್ತಿ ಪರದೆ ಬಿಟ್ಟು ನನ್ನನ್ನೇ ನೋಡಿದಳು, ಆಮೇಲೆ ಅವ್ವನನ್ನು. ಅವ್ವ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದಳು. ಏನಾದರೂ ಆಗುತ್ತದೆ, ಈಗ ಆಗುತ್ತದೆ ಎಂದು ನಾನು ಕಾದೆ. ಏನೂ ಆಗಲಿಲ್ಲ. ಸೊಸೆ ಎಲ್ಲರಿಗೂ ಒಂದೇ ಥರದ ಕಪ್ಪಿನಲ್ಲಿ ಚಹಾ ಕೊಟ್ಟಳು. ನಾನು ಕಪ್ಪನ್ನು ಹಾಗೇ ಇಟ್ಟು ಮೈಕಿನ ವೈರು ಸುತ್ತತೊಡಗಿದೆ.

ಸಾಮಾನು ಭಾರವೆಂದು ಅವ್ವ ಚೌಡಾಪುರದ ತನಕ ಆಟೋದಲ್ಲಿ ಬಂದಳು. ಬಸ್ಸಿಗೆ ಕಾಯುವಾಗ ನಾನೇ, “ತಪ್ಪಾತು ಯವ್ವಾ, ಅಂಜಿಕಿಗಿ ಬಾಯಾಗ ಬಂದುಬಿಡ್ತು,” ಅಂದೆ.

“ಪಿಚ್ಚರ್‌ನ್ಯಾಗಿನ ಆ ಮುದುಕಿ ಏನೂ ಅನ್ನಲಿಲ್ಲಲ್ಲಬೇ,” ಅಂದಳು ಅವ್ವ. “ಹಿಂದ ಒಂದು ಹುಡುಗಿ ನಿಂತಿತ್ತು, ಆಕಿ ಮಗಳು, ನೋಡಿದ್ಯೋ ಇಲ್ಲೋ? ಬೀಜ ತಗೊಂಡಾಕಿ ಆಕಿ. ಮಾರಿ ನೋಡಿದ್ರ ತಿಳಿತದ.”

ನಾನು ನೋಡಿರಲಿಲ್ಲ. ಮಾತು ಕಲಿಯಲೆಂದು ಮನೆಯಲ್ಲಿ ನಲವತ್ತು ಸಲ ಸಿನಿಮಾ ನೋಡಿದವಳು ಬರೀ ತುಟಿ ನೋಡಿದ್ದೆ.

“ನಾನೂ ಅವತ್ತು ಏನೂ ಅಂದಿಲ್ಲ,” ಎಂದಳು ಅವ್ವ, ರಸ್ತೆಯ ಕಡೆ ನೋಡುತ್ತ. “ಗೌಡ್ತಿ ಕೇಳಿದ್ಲು. ‘ನಮ್ಮವ್ವ ಮುಟ್ಟ್ಯಾಳ’ ಅಂತ ಬಟ್ಟ ಮಾಡಿ ತೋರಿಸಿದಾಕಿ ನೀನು. ನಾ ಸುಮ್ಮ ನಿಂತೆ. ಸಣ್ಣಾಕಿ ಇದ್ದಿ, ಅಂಜಿದ್ದಿ. ಇರ್ಲಿ ಬಿಡು, ಬಸ್ ಬಂತು.”

ಬಸ್ಸು ಬಂತು. ನಾನು ಹತ್ತಿದೆ. ಕಿಟಕಿಯಿಂದ ಕೈ ಕೂಡ ಬೀಸಲಿಲ್ಲ. ಸುಳ್ಳೆಂದು ಅನ್ನೋಣವೆಂದರೆ ನನ್ನ ಬಲಗೈ ಬೆರಳಿಗೇ ಎಲ್ಲ ನೆನಪಾಗಿತ್ತು. ಆ ದಿನದಿಂದ ಅವ್ವನ ಫೋನು ಬಂದರೆ ಎರಡು ಸಲ ಬಡಿದುಕೊಳ್ಳಲು ಬಿಟ್ಟು ಎತ್ತುತ್ತಿದ್ದೆ, ಮಳೆ ಬೆಳೆ ಮಾತಾಡಿ ಇಡುತ್ತಿದ್ದೆ. ಗೌಡರಿಗೆ ಅಂಜಿದ್ದು ಏನೂ ಅಲ್ಲ. ಈಗ ನನಗೆ ಅವ್ವನದೇ ಅಂಜಿಕೆ.

ಮೂರನೆಯದು ಜೇವರ್ಗಿಯಲ್ಲಿ. ಮುದುಕಿ ಬಂದು ನಿಂತಾಗ ಮೈಕನ್ನು ಬೆನ್ನ ಹಿಂದೆ ಹಿಡಿದೆ. ಯಾರೋ ಆವಾಜ್ ಎಂದು ಕೂಗಿದರು, ಕೂಗಲಿ. ಅವತ್ತು ಮೊದಲ ಸಲ ಹಿಂದಿನ ಹುಡುಗಿಯನ್ನು ನೋಡಿದೆ. ಅವ್ವ ಹೇಳಿದ್ದು ಖರೆ. ಆ ಮಾರಿ ನೋಡಲಾಗದೆ ಕಣ್ಣು ಮುಚ್ಚಿಕೊಳ್ಳಬೇಕೆನ್ನಿಸಿತು, ಮುಚ್ಚಲಿಲ್ಲ.

ಮುಗಿದ ಮೇಲೆ ಒಬ್ಬ ಕೂಲಿ ಹೆಣ್ಣುಮಗಳು ಎದ್ದು, “ಆ ಮುದುಕಿ ಯಾಕ ಬಾಯಿ ಬಿಡಲಿಲ್ರಿ ಅಕ್ಕಾರ?” ಎಂದು ಕೇಳಿದಳು.

“ಬಾಯಿ ಬಿಟ್ರ ಮಗಳ ಹೆಸರು ಬರ್ತಿತ್ತು, ಅದಕ್ಕ,” ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕೊಡ, ಬಿಸಿಲು, ನನ್ನ ಬೆರಳು, ಎಲ್ಲ ಹೇಳಿಬಿಟ್ಟೆ. ಅತ್ತೆ ಕೂಡ. ಹೇಳಿ ಹಗುರಾದೆ ಅಂದುಕೊಂಡೆ.

ಆ ಹೆಣ್ಣುಮಗಳು ಕೂರಲಿಲ್ಲ, ನಿಂತೇ ಇದ್ದಳು. “ನಿಮ್ಮವ್ವ ಅದಾಳೇನ್ರಿ?”

“ಅದಾಳ.”

“ಹಾಂಗಾದ್ರ ನಮಗ್ಯಾಕ ಹೇಳಾಕತ್ತೀರಿ? ಆಕಿಗಿ ಹೇಳ್ರಿ.”

ಸಂಜೆ ಕಲಬುರಗಿಯಲ್ಲಿ ಬಸ್ಸಿನಿಂದ ಇಳಿದಾಗ ಆಳಂದದ ಬಸ್ಸು ಎದುರಿಗೇ ನಿಂತಿತ್ತು, ಖಾಲಿ ಸೀಟೂ ಇದ್ದವು. ಕಂಡಕ್ಟರ್ ಗುರುತು ಹಿಡಿದು, “ಬರ್ರಿ ಮೇಡಂ, ಬಿಡಾಕತ್ತೇವಿ,” ಎಂದು ಕರೆದ. ಮೈಕಿನ ಚೀಲ ಹೆಗಲಿಗೇರಿಸಿ, ನಮ್ಮೂರಿನ ಕಡೆ ಹೋಗುವ ಅಫಜಲಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅವನನ್ನೇ ಕೇಳಿದೆ.