ಟೆಸ್ಟರಣ್ಣನ ಬೋರ್ಡು

ಆ ಬೀದಿಯಲ್ಲಿ ಕೆಟ್ಟುನಿಂತ ರೇಡಿಯೊ, ಮಿಕ್ಸಿ, ಫ್ಯಾನುಗಳೆಲ್ಲ ಒಮ್ಮೆಯಾದರೂ ಟೆಸ್ಟರಣ್ಣನ ಮೇಜು ಹತ್ತಿ ಇಳಿದಿವೆ. ಅಂಗಿಯ ಜೇಬಿನಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುವುದರಿಂದ ಆ ಹೆಸರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ಮೇಲೆ ಅವನೇ ಬಣ್ಣದಲ್ಲಿ ಬರೆದ ಬೋರ್ಡು: "ತರುವ ಮೊದಲು ಸ್ವಿಚ್ಚು ಹಾಕಿ ನೋಡಿ." ಕೆಡದ ಸಾಮಾನನ್ನು ಹೊತ್ತು ತಂದವರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಮೆಲ್ಲಗೆ ಓದಿದರೆ, "ಕೇಳಿಸ್ಲಿಲ್ಲ, ಇನ್ನೊಂದ್ಸಲ" ಅನ್ನುತ್ತಾನೆ. ಹೆಡ್‌ಮಾಸ್ತರರನ್ನೂ ಬಿಟ್ಟವನಲ್ಲ.

ಅವನ ಹೆಂಡತಿ ಹಾಡಿನ ಟೀಚರು. ಬೇರೆ ಊರಿನ ಮಕ್ಕಳಿಗೆ ಲ್ಯಾಪ್‌ಟಾಪಿನಲ್ಲಿ ಪಾಠ ಹೇಳಲು ಹೊರಟಿದ್ದಳು. ಅಂದು ಸಂಜೆಯೇ ಮೊದಲ ಪಾಠ. ಅದು ಚೆನ್ನಾಗಿ ನಡೆದರೆ ಮಾತ್ರ ಮಕ್ಕಳನ್ನು ಸೇರಿಸುತ್ತೇವೆ ಎಂದು ತಾಯಂದಿರು ಖಡಾಖಂಡಿತವಾಗಿ ಹೇಳಿದ್ದರು. ಆದರೆ ಲ್ಯಾಪ್‌ಟಾಪು ಹಳೆಯದು, ಆನ್ ಆಗುವಷ್ಟರಲ್ಲಿ ಅನ್ನ ಬೇಯುತ್ತಿತ್ತು.

"ಪೇಟೆ ಅಂಗಡಿಗೆ ಕೊಟ್ಟು ಸರಿಮಾಡಿಸೋಣ್ವಾ?" ಎಂದು ಅವಳು ಕೇಳಿದ್ದೇ ತಪ್ಪಾಯಿತು.

"ನಾನು ಮನೇಲಿರುವಾಗ ಪೇಟೆ ಅಂಗಡೀನಾ? ವಿಂಡೋಸ್ ತೆಗೆದು ಲಿನಕ್ಸ್ ಹಾಕ್ತೀನಿ. ಹೇಗೆ ಓಡುತ್ತೆ ನೋಡ್ತಿರು!"

ಯಾವ ಸಾಮಾನೇ ಆಗಲಿ, ಮೊದಲು ಬ್ರಷ್ಷಿನಿಂದ ಅದರ ಸಂದಿಗೊಂದಿಯನ್ನೆಲ್ಲ ಉಜ್ಜಿ ಧೂಳು ತೆಗೆಯುವುದು ಅವನ ಪದ್ಧತಿ. ಲ್ಯಾಪ್‌ಟಾಪನ್ನೂ ಹಾಗೇ ಉಜ್ಜಿದ. ಆಮೇಲೆ ಗೆಳೆಯ ಕೊಟ್ಟ ಪೆನ್ ಡ್ರೈವ್ ಸಿಕ್ಕಿಸಿ ಲಿನಕ್ಸ್ ಇನ್‌ಸ್ಟಾಲ್ ಮಾಡಿದ. ಪರದೆ ಹೊಸದರಂತೆ ಬೆಳಗಿತು. ವೈಫೈ ಮಾತ್ರ ಬರಲಿಲ್ಲ. ಮೂಲೆಯಲ್ಲಿ ಯಾವುದೋ ಸಾಲು ಮೂಡಿತು. ಇವೆಲ್ಲ ಸುಮ್ಮನೆ ಹೆದರಿಸುವ ಮಾತು ಎಂದು ಓದದೇ ಅಳಿಸಿದ.

ಗೆಳೆಯನಿಗೆ ಫೋನು ಮಾಡಿದ. "ವೈಫೈ ನಡೆಸೋ ಡ್ರೈವರ್ ಸಾಫ್ಟ್‌ವೇರು ಅದ್ರಲ್ಲಿ ಇರಲ್ಲ ಕಣೋ. ಇಂಟರ್‌ನೆಟ್‌ನಿಂದ ಡೌನ್‌ಲೋಡ್ ಮಾಡ್ಕೋ" ಅಂದ ಆ ಪುಣ್ಯಾತ್ಮ. ಇಂಟರ್‌ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಬರಲು ಇಂಟರ್‌ನೆಟ್ ಬೇಕು! ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಅಂದ ಹಾಗಾಯಿತು. ಟೆಸ್ಟರಣ್ಣನಿಗೆ ಮೈಯೆಲ್ಲ ಉರಿಯಿತು.

ಟೀಚರು ಚಹಾ ತಂದಿಟ್ಟಳು. "ರೀ, ಪಕ್ಕದಲ್ಲಿ ಏನೋ ಸಣ್ಣ ಗುಂಡಿ ಇತ್ತಲ್ಲ..."

"ನೀನು ನಿನ್ನ ಹಾಡು ನೋಡ್ಕೋ. ನಾನೇನು ನಿನ್ನ ತಾಳಕ್ಕೆ ಬಾಯಿ ಹಾಕ್ತೀನಾ?"

ಆಕೆ ಲೋಟ ಇಟ್ಟು ಹೋದಳು. ಇವನು ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದ. ಬರಲಿಲ್ಲ. ಮೂರನೇ ಸಲವೂ ಅದೇ ಕಥೆ. ಚಹಾ ಆರಿ ಕೆನೆಗಟ್ಟಿತು. ಲಿನಕ್ಸ್ ಮಾಡಿದವರನ್ನು, ಪೆನ್ ಡ್ರೈವ್ ಕೊಟ್ಟವನನ್ನು, ಎದುರಿಗೆ ಮಿಕ್ಸಿ ಹಿಡಿದು ನಿಂತ ಗಿರಾಕಿಯನ್ನು, ಎಲ್ಲರನ್ನೂ ಬೈದ. ಅವನ ಫೋನಿನಲ್ಲೇ ಪಾಠ ಮಾಡೋಣವೆಂದರೆ ಅದರ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿತ್ತು. ಊರಿನ ಸಾಮಾನೆಲ್ಲ ಸರಿಮಾಡುವವನಿಗೆ ತನ್ನದಕ್ಕೆ ಪುರಸೊತ್ತೆಲ್ಲಿ!

ಪಾಠದ ಹೊತ್ತು ಬಂತು, ಹೋಯಿತು.

ಸಾಕಾಗಿ, ಲ್ಯಾಪ್‌ಟಾಪನ್ನು ಎತ್ತಿ ಬದಿಗಿಡಲು ಹೋದಾಗ ಬೆರಳಿಗೆ ಅಂಚಿನಲ್ಲಿ ಏನೋ ತಾಗಿತು. ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚು. ಸರಿಸಿದ. ಪರದೆಯ ಮೂಲೆಯಲ್ಲಿ ವೈಫೈ ಗುರುತು ಬಂದು ಕೂತಿತು. ಬೆಳಗ್ಗೆ ಧೂಳು ತೆಗೆಯುವಾಗ ಅವನ ಬ್ರಷ್ಷೇ ಅದನ್ನು ಆಚೆ ತಳ್ಳಿತ್ತು.

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಗಿರಾಕಿಯ ಕಣ್ಣು ತನ್ನ ಮಿಕ್ಸಿಯ ಮೇಲಿತ್ತು, ಬೇರೆ ಯಾರೂ ಕಂಡಿರಲಿಲ್ಲ. ಏನೋ ಡ್ರೈವರ್ ತೊಂದರೆ ಇತ್ತು ಅಂದರೆ ಮುಗಿಯಿತು, ಅವಳಿಗೇನು ಗೊತ್ತಾಗುತ್ತದೆ!

ಆಗ ಒಳಗಿನಿಂದ ಟೀಚರ ದನಿ ಕೇಳಿಸಿತು. ತನ್ನ ಹಳೆಯ ಗುಂಡಿ ಫೋನಿನಲ್ಲಿ ಯಾರದೋ ತಾಯಿಯ ಹತ್ತಿರ ಅಂಗಲಾಚುತ್ತಿದ್ದಳು. "ನಾಳೆ ಒಂದೇ ಒಂದು ಅವಕಾಶ ಕೊಡಿ ಅಮ್ಮಾ. ಇಲ್ಲ ಇಲ್ಲ, ಮೆಷಿನ್ ಚೆನ್ನಾಗೇ ಇದೆ. ನಮ್ಮನೆಯವರು ಬೆಳಗ್ಗೆನೇ ಸರಿಮಾಡಿಕೊಟ್ಟಿದ್ರು. ನನಗೇ ನಡೆಸೋಕೆ ಬರ್ಲಿಲ್ಲ."

ಟೆಸ್ಟರಣ್ಣ ಕುರ್ಚಿಯಿಂದ ಎದ್ದ. ಗಿರಾಕಿ ಮಿಕ್ಸಿ ಹಿಡಿದು ಇನ್ನೂ ನಿಂತೇ ಇದ್ದ. ಅವನು ಹೋಗುವವರೆಗೆ ಕಾಯೋಣ ಅನ್ನಿಸಿತು, ಆದರೆ ಕಾಯಲಿಲ್ಲ. ಬೋರ್ಡಿನ ಮುಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡ.

"ತರುವ ಮೊದಲು... ಸ್ವಿಚ್ಚು ಹಾಕಿ ನೋಡಿ."

ಒಳಗೆ ಫೋನಿನ ಮಾತು ನಿಂತಿತು.

"ಕೇಳಿಸ್ಲಿಲ್ಲ," ಅಂದಳು ಟೀಚರು. "ಇನ್ನೊಂದ್ಸಲ."